ತೋಳಿನ ಅಳತೆ

ಹೊಲಿಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವಳು ಗಂಡನ ಎಡತೋಳಿನ ಅಳತೆ ತೆಗೆದಳು. ಹನ್ನೊಂದು ಇಂಚು. ಮೊಣಕೈಯ ಮೇಲ್ಗಡೆ ಚರ್ಮದೊಳಗಿಂದ ತೆಳ್ಳನೆಯ ಕೊಳವೆಯೊಂದು ಹೊರಬಂದು ಪಾರದರ್ಶಕ ಪಟ್ಟಿಯ ಕೆಳಗೆ ಮಲಗಿತ್ತು. ಅದರ ಒಳತುದಿ ರಕ್ತನಾಳದಲ್ಲೇ ಸಾಗಿ ಗುಂಡಿಗೆಯ ಹತ್ತಿರ ನಿಂತಿದೆ ಎಂದು ನರ್ಸ್ ಹೇಳಿದ್ದರು. ಕಾಲಿನ ಮೂಳೆಗೆ ತಗುಲಿದ ಸೋಂಕಿಗೆ ಆರು ವಾರದ ಔಷಧಿ ಅದರ ಮೂಲಕವೇ ಹೋಗಬೇಕಿತ್ತು.

"ಕೊಳವೆ ಮುಚ್ಚೋ ತೋಳುಪಟ್ಟಿ ಬಿಗಿಯಾಗಿರ್ಲಿ ಕಣೇ," ಎಂದ ಗಂಡ. ಬಟ್ಟೆ ಕತ್ತರಿಸುವುದರಲ್ಲಿ ಅವನು ಇಡೀ ಬೀದಿಗೇ ಮಾಸ್ಟರು. "ಗಿರಾಕಿ ಎದುರಿಗೆ ಜಾರಿದ್ರೆ ಮಾನ ಹೋಗುತ್ತೆ."

"ಕಂಡ್ರೆ ಕಾಣ್ಲಿ ಬಿಡ್ರೀ. ಕದ್ದ ಮಾಲೇನಲ್ವಲ್ಲ."

"ಮೊನ್ನೆ ಆ ಟೀಚರಮ್ಮ ಇದನ್ನ ನೋಡಿದ್ದೇ, ಕೊಟ್ಟ ಬಟ್ಟೆ ವಾಪಸ್ ತಗೊಂಡು ಹೋಗ್ಲಿಲ್ವಾ? ಅಂಟುರೋಗ ಅಂದ್ಕೊಂಡ್ರು. ಊರ ಬಾಯಿಗೆ ನೀನು ಹೊಲಿಗೆ ಹಾಕ್ತೀಯಾ?"

ಅವಳು ಮಿಷನ್ನಿನ ಮುಂದೆ ಕುಳಿತಳು. ಅಂಗಿಯದೇ ಬಣ್ಣದ ಬಟ್ಟೆಯಲ್ಲಿ, ಎರಡೂ ಅಂಚಿಗೆ ಎಲಾಸ್ಟಿಕ್ ಕೊಟ್ಟು ಹೊಲಿದಳು. ಕೊಳವೆ ಇರುವುದು ಹೆತ್ತವರಿಗೂ ಗೊತ್ತಾಗುವಂತಿರಲಿಲ್ಲ.

ಸೋಮವಾರ ಕೊಳವೆಯ ಮೇಲಿನ ಪಟ್ಟಿ ಬದಲಾಯಿಸಲು ಆಸ್ಪತ್ರೆಯಿಂದ ಬಂದ ನರ್ಸ್‌ಗೆ ಮಾತ್ರ ತೋಳುಪಟ್ಟಿ ಹಿಡಿಸಲಿಲ್ಲ.

"ನೀವು ಕೊಳವೆ ಹಾಕಿದ್ರಿ, ನಾವು ಲೈನಿಂಗ್ ಹಾಕಿದ್ವಿ," ಎಂದು ಗಂಡ ನಕ್ಕ.

"ನಗಬೇಡಿ ಮಾಸ್ಟ್ರೇ. ಕೊಳವೆ ಒಳ್ಳೇದೇ, ಆದ್ರೆ ಅದರ ಮೇಲೆ ಸದಾ ಕಣ್ಣು ಇಟ್ಟಿರ್ಬೇಕು. ಮುಚ್ಚಿಟ್ರೆ ಹೇಗೆ ನೋಡ್ತೀರಿ? ತೋಳು ಊದಿದ್ರೆ, ಕೆಂಪಾದ್ರೆ, ಚಳಿಜ್ವರ ಬಂದ್ರೆ ಅವತ್ತೇ ಆಸ್ಪತ್ರೆಗೆ ಬನ್ನಿ. ನಾಳೆ ಅನ್ನಬೇಡಿ."

"ಆಯ್ತಮ್ಮ," ಎಂದ. ಅವರು ಬೀದಿ ದಾಟುವ ಮೊದಲೇ ತೋಳುಪಟ್ಟಿ ಮತ್ತೆ ಏರಿತ್ತು.

ಗುರುವಾರ ಸಂಜೆ ಅದನ್ನು ಕಳಚಿದಾಗ ಎಲಾಸ್ಟಿಕ್ಕಿನ ಗುರುತು ಚರ್ಮದಲ್ಲಿ ಆಳವಾಗಿ ಕುಳಿತಿತ್ತು. ಅವಳು ಟೇಪು ಸುತ್ತಿದಳು. ಹನ್ನೊಂದೂ ಮುಕ್ಕಾಲು.

"ಊದಿದೆ ರೀ."

"ಇಡೀ ದಿನ ಕೈ ಇಳಿಬಿಟ್ಟು ಕೆಲಸ ಮಾಡಿದ್ರೆ ಊದದೆ ಇರುತ್ತಾ?"

"ನರ್ಸಮ್ಮ ಹೇಳಿದ್ದು..."

"ಈಗ ಹೋದ್ರೆ ಇದನ್ನ ಕಿತ್ತು ಬಲಗೈಗೆ ಹಾಕ್ತಾರೆ. ಕತ್ತರಿ ಹಿಡಿಯೋ ಕೈ ಅದು. ಆಮೇಲೆ ನಾನೇನು ಗುಂಡಿ ಎಣಿಸ್ತಾ ಕೂರ್ಲಾ? ಸೋಮವಾರ ಹೇಗೂ ಅವರೇ ಬರ್ತಾರಲ್ಲ."

ಅವಳು ಇನ್ನೊಂದು ಮಾತು ಆಡಬಹುದಿತ್ತು. ಬದಲಿಗೆ, ಬಟ್ಟೆ ಬಿಗಿಯಾಯಿತು ಎಂದು ಯಾರು ಬಂದರೂ ಮೂವತ್ತು ವರ್ಷದಿಂದ ಏನು ಮಾಡುತ್ತಿದ್ದಳೋ ಕೈ ಅದನ್ನೇ ಮಾಡಿತು. ಬ್ಲೇಡು ತೆಗೆದುಕೊಂಡು ತೋಳುಪಟ್ಟಿಯ ಹೊಲಿಗೆ ಬಿಚ್ಚಿ, ಮುಕ್ಕಾಲು ಇಂಚು ಸಡಿಲ ಬಿಟ್ಟು, ಹೊಸ ಹೊಲಿಗೆ ಹಾಕಿದಳು.

ಶನಿವಾರ ಹನ್ನೆರಡೂ ಕಾಲು. ಮತ್ತೆ ಬಿಚ್ಚಿದಳು. ಒಳಗೆ ಮಡಚಿಟ್ಟ ಬಟ್ಟೆ ಅಷ್ಟಕ್ಕೆ ಮುಗಿದಿತ್ತು.

ಭಾನುವಾರ ಬೆಳಿಗ್ಗೆ ಅವನಿಗೆ ಮಂಚ ಅಲುಗಾಡುವಷ್ಟು ನಡುಕ. ಮೈ ಕಾದ ಇಸ್ತ್ರಿಪೆಟ್ಟಿಗೆಯಂತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ತೋಳನ್ನು ನೋಡಿ, ಅವಳ ಮುಖ ನೋಡಿದರು.

"ಯಾವಾಗಿಂದ ಊದಿದೆ?"

"ಇವತ್ತೇ," ಎಂದಳು.

ಗಂಡ ಕಣ್ಣು ತೆರೆದು ಅವಳನ್ನೊಮ್ಮೆ ನೋಡಿದ. ಮತ್ತೆ ಮುಚ್ಚಿಕೊಂಡ.  

ಕೊಳವೆಯ ಸುತ್ತ ರಕ್ತ ಹೆಪ್ಪುಗಟ್ಟಿತ್ತು. ನಂಜು ಮೈಯೆಲ್ಲ ಹರಡಿತ್ತು. ಕೊಳವೆ ತೆಗೆದು ಬೇರೆ ಔಷಧಿಗಳನ್ನು ಕೊಟ್ಟರು. ಮೂರನೆಯ ದಿನ ಮಧ್ಯಾಹ್ನ ಹೆಪ್ಪಿನ ಒಂದು ಚೂರು ಕಳಚಿ ಶ್ವಾಸಕೋಶಕ್ಕೆ ಹೋಯಿತು. ಅವಳು ನೀರಿನ ಬಾಟಲಿ ತುಂಬಿಸಿಕೊಂಡು ಬರುವಷ್ಟರಲ್ಲಿ ಮಂಚದ ಸುತ್ತ ಪರದೆ ಎಳೆದಿದ್ದರು.

"ಹಣೆಬರಹ ಕಣಮ್ಮ, ನಿನ್ನ ಕೈಲಿ ಏನಿತ್ತು?" ಎಂದು ಬಂದವರೆಲ್ಲ ಹೇಳಿ ಹೋದರು. ಅವಳು ತಲೆಯಾಡಿಸಿದಳು. ಕೈಯಲ್ಲಿ ಟೇಪು ಇತ್ತು ಎಂದು ಯಾರಿಗೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳು ಗಂಡ ತೀರಿಕೊಂಡ ಆ ವಾರ್ಡಿಗೇ ಹೋದಳು. ಪಟ್ಟಿ ಬದಲಾಯಿಸಲು ಬರುತ್ತಿದ್ದ ಅದೇ ನರ್ಸ್ ಎದ್ದು ನಿಂತರು. ಅವಳು ಚೀಲದಿಂದ ಹತ್ತು ತೋಳುಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಎಲಾಸ್ಟಿಕ್ ಇಲ್ಲ, ಸಡಿಲವಾದ ಲಾಡಿ ಮಾತ್ರ. ಕೊಳವೆ ಕಾಣಬೇಕಾದ ಜಾಗದಲ್ಲಿ ಬಟ್ಟೆಯೇ ಇಲ್ಲ. ಕಿಟಕಿಯಂತೆ ಕತ್ತರಿಸಿ ಬಿಟ್ಟಿದ್ದಳು.

ಹತ್ತಿರದ ಮಂಚದಲ್ಲಿ ಒಬ್ಬಳು ಸೊಸೆ ಕೊಳವೆ ಹಾಕಿದ್ದ ತನ್ನ ಅತ್ತೆಯ ತೋಳಿಗೆ ಶಾಲು ಹೊದಿಸುತ್ತಿದ್ದಳು. "ನೋಡೋಕೆ ಬರೋರಿಗೆ ಕಾಣಬಾರ್ದಂತೆ ಅಕ್ಕ, ಅತ್ತೆಗೆ ನಾಚಿಕೆ," ಎಂದಳು.

ಮಾಸ್ಟರ ಹೆಂಡತಿ ಆ ಮಂಚದ ಅಂಚಿನಲ್ಲಿ ಕುಳಿತಳು. ನರ್ಸ್ ಕಡೆ ನೋಡದೆಯೇ ಹೇಳಿದಳು: "ಅವತ್ತು ನಾನು ಡಾಕ್ಟರಿಗೆ ಸುಳ್ಳು ಹೇಳ್ದೆ. ನಮ್ಮ ಯಜಮಾನ್ರ ತೋಳು ಗುರುವಾರವೇ ಊದಿತ್ತು. ನಾನು ಅಳೆದೆ. ಅಳೆದು ಹೊಲಿಗೆ ಬಿಚ್ಚಿದೆ."

ನರ್ಸ್ ಒಂದು ತೋಳುಪಟ್ಟಿಯನ್ನು ಕೈಗೆತ್ತಿಕೊಂಡು ಅದರ ಕಿಟಕಿಯೊಳಗೆ ಬೆರಳಾಡಿಸಿದರು.

ಅವಳು ಶಾಲು ಸರಿಸಿ, ಕೊರಳಲ್ಲಿದ್ದ ಟೇಪು ತೆಗೆದು ಸೊಸೆಯ ಕೈಗಿತ್ತಳು. "ಸುತ್ತಮ್ಮ. ಬಿಗಿ ಬೇಡ. ಎಷ್ಟಿದೆ?"

"ಒಂಬತ್ತೂವರೆ."

"ಬರ್ಕೋ," ಎಂದಳು. "ನಾಳೆನೂ ಅಳತೆ ತೆಗಿ. ಹೆಚ್ಚಾದ್ರೆ ಈ ನರ್ಸಮ್ಮನ್ನ ಕೂಗು."