ಚುಕ್ಕಿಯ ಬಲಕ್ಕೆ ಹತ್ತು

ನಲವತ್ತು ವರ್ಷದಿಂದ ಬೋರ್ಡು ಬರೆಯುತ್ತಿದ್ದೇನೆ. ಕಂಪ್ಯೂಟರಿನವರು ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆದರೂ ಬ್ರಷ್ ಕೆಳಗಿಡಲಿಲ್ಲ. ಒಂದರ ಅಂಕಿಗೆ ತಲೆಯ ಮೇಲೊಂದು ಸಣ್ಣ ಕೊಕ್ಕು ಇಡುವುದು ನನ್ನ ಚಾಳಿ. ಅದನ್ನು ಬಿಡಿ ಎಂದು ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ನಾನು ಕೇಳಿದರೆ ತಾನೆ!

ರೈಲು ಹಳಿಯ ಕೆಳಗಿನ ಹೊಸ ದಾರಿಗೆ ಎತ್ತರದ ಬೋರ್ಡು ಬೇಕೆಂದು ಇಂಜಿನಿಯರ್ ಕಚೇರಿಯಿಂದ ಚೀಟಿ ಬಂತು. ಅಚ್ಚುಕಟ್ಟಾಗಿ ಮುದ್ರಿಸಿದ ಚೀಟಿ, '11.10 ಅಡಿ'. ನಮ್ಮ ಕಸುಬಿನಲ್ಲಿ ಚುಕ್ಕಿಯ ಎಡಕ್ಕೆ ಅಡಿ, ಬಲಕ್ಕೆ ಇಂಚು. ಬಡಗಿಯೂ ಹಾಗೆಯೇ ಬರೆದುಕೊಡುತ್ತಾನೆ, ಗಾಜಿನಂಗಡಿಯವನೂ ಹಾಗೆಯೇ. 'ಎತ್ತರ 11 ಅಡಿ 10 ಇಂಚು' ಎಂದು ಕೆಂಪು ಬಣ್ಣದಲ್ಲಿ ಬರೆದೆ. ಏಣಿ ಹತ್ತಿ, ದಾರಿಯ ಮೇಲೆ ಹಳಿ ಹೊತ್ತ ತೊಲೆಗೆ ಬಿಗಿದೆ. ಟೇಪು ಜೇಬಿನಲ್ಲೇ ಇತ್ತು. ಅಳೆಯಬೇಕೆಂದು ಅನ್ನಿಸಲೇ ಇಲ್ಲ.

ನನ್ನ ಮಗಳು ಮನೆ ಸಾಮಾನು ಸಾಗಿಸುವ ಲಾರಿ ಓಡಿಸುತ್ತಾಳೆ. ಲಾರಿಯ ಎತ್ತರ ಹನ್ನೊಂದೂವರೆ ಅಡಿ. ದಾರಿ ತೆರೆದ ದಿನ ಬೆಳಿಗ್ಗೆ, ಹತ್ತು ಗಂಟೆಗೆ ಅಲ್ಲಿಂದಲೇ ಬರುತ್ತೇನೆ, ಸುತ್ತಿ ಬರುವುದು ತಪ್ಪುತ್ತದೆ ಎಂದಳು. ನಾಲ್ಕು ಇಂಚು ಮಿಗುತ್ತದೆ, ಧಾರಾಳವಾಗಿ ಹೋಗು ಎಂದು ಲೆಕ್ಕ ಹೇಳಿದವನೂ ನಾನೇ.

ಹತ್ತಕ್ಕೆ ಐದು ನಿಮಿಷವಿದೆ ಎನ್ನುವಾಗ ಕಚೇರಿಯ ಮೇಲ್ವಿಚಾರಕ ಅಂಗಡಿಗೆ ಓಡಿಬಂದ. ಕೈಯಲ್ಲಿ ಬೋರ್ಡಿನ ಫೋಟೊ.

"ಯಜಮಾನ್ರೇ, ಈ ಹತ್ತು ಇಂಚು ಎಲ್ಲಿಂದ ಬಂತು?"

ನಿಮ್ಮ ಚೀಟಿಯಲ್ಲೇ ಇದೆಯಲ್ಲ ಎಂದೆ.

"ಅದು ಇಂಚಲ್ಲ. ಒಂದಡೀನ ಹತ್ತು ಭಾಗ ಮಾಡಿದ್ರೆ ಅದ್ರಲ್ಲಿ ಒಂದು ಭಾಗ. ಕೊನೇ ಸೊನ್ನೆ ಕಂಪ್ಯೂಟರ್ ತಾನಾಗೇ ಹಾಕುತ್ತೆ. ಲೆಕ್ಕ ಹಾಕಿದ್ರೆ ಹನ್ನೊಂದಡಿ, ಒಂದಿಂಚು ಚಿಲ್ಲರೆ, ಅಷ್ಟೇ."

ಒಂದಿಂಚು ಚಿಲ್ಲರೆ. ಲಾರಿಗೆ ಬೇಕಾದದ್ದು ಆರಿಂಚು. ಮಗಳಿಗೆ ಫೋನ್ ಮಾಡಿದೆ, ರಿಂಗಾಗುತ್ತಲೇ ಇತ್ತು. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡ ಎಂದು ಅವಳಿಗೆ ಕಲಿಸಿದ್ದೂ ಈ ಮಹಾನುಭಾವನೇ. ಮೇಲ್ವಿಚಾರಕನ ಬೈಕಿನ ಹಿಂದೆ ಹತ್ತಿ ಕುಳಿತೆ. ಎಷ್ಟು ಜೋರಾಗಿ ಹೋದರೂ ನನಗೆ ಆಮೆಯ ಬೆನ್ನೇರಿದ ಹಾಗಿತ್ತು.

ತಿರುವು ದಾಟುವ ಮೊದಲೇ ಜನ ಗುಂಪುಗೂಡಿದ್ದು ಕಂಡಿತು. ಲಾರಿ ತೊಲೆಯ ಕೆಳಗೆ ಸಿಕ್ಕಿಕೊಂಡಿತ್ತು. ತಗಡಿನ ಮಾಡು ಸುಲಿದು ಹಿಂದಕ್ಕೆ ಸುತ್ತಿಕೊಂಡಿತ್ತು, ಯಾರದೋ ಮನೆಯ ಕಪಾಟು ರಸ್ತೆಯ ಮೇಲೆ ಬಿದ್ದಿತ್ತು. ಮುಂದಿನ ಗಾಜೆಲ್ಲ ಪುಡಿಪುಡಿ. ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

ಮಗಳು ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತಿದ್ದಳು. ಯಾರೋ ಅವಳ ಹಣೆಗೆ ಟವೆಲ್ ಒತ್ತಿ ಹಿಡಿದಿದ್ದರು, ಟವೆಲ್ ಕೆಂಪಾಗಿತ್ತು. ಜೀವವಿತ್ತು, ಮಾತಿತ್ತು. ಅವಳ ಮುಂದೆ ಕುಳಿತು ಟವೆಲನ್ನು ನಾನೇ ಹಿಡಿದುಕೊಂಡೆ.

ಅವಳು ಬೋರ್ಡಿನ ಕಡೆ ನೋಡಿದಳು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ತೊಲೆ ತಗ್ಗಾಗಿದೆ ಅನ್ನಿಸ್ತಪ್ಪ, ಬ್ರೇಕ್ ಮೇಲೆ ಕಾಲಿಟ್ಟಿದ್ದೆ" ಎಂದಳು. "ಆಮೇಲೆ ಆ ಕೊಕ್ಕು ಕಾಣಿಸ್ತು. ನೀನು ಬರೆದಿದ್ದು ಅಂತ ಕಾಲು ತೆಗೆದೆ."