ಸಂಜೆ ಸೂರ್ಯನ ಅಗಲ

ಅಣ್ಣ ತಂಗಿ ಇಬ್ಬರಿಗೂ ಒಂದೇ ಶೆಡ್ಡು. ಎಡಗಡೆ ತಂಗಿ ಕಬ್ಬಿಣದ ಚೌಕಟ್ಟು ಬೆಸೆಯುತ್ತಿದ್ದಳು, ಬಲಗಡೆ ಅಣ್ಣ ಅದರ ಮೇಲೆ ಬಟ್ಟೆ ಬಿಗಿದು ನಾಟಕದ ಪರದೆ ಬರೆಯುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಹೀಗೇ ನಡೆದಿತ್ತು. ಕಿಡಿ ಹಾರಿ ಪರದೆಗೆ ತೂತು ಬಿದ್ದದ್ದೂ ಉಂಟು, ಬಣ್ಣದ ಡಬ್ಬಿ ಉರುಳಿ ಕಬ್ಬಿಣವೆಲ್ಲ ನೀಲಿಯಾದದ್ದೂ ಉಂಟು. ಮಾತು ಬಿಟ್ಟದ್ದು ಮಾತ್ರ ಇಲ್ಲ. ಈಗ ಶೆಡ್ಡಿನ ನಡುವೆ ಗೋಡೆ ಎಬ್ಬಿಸುವ ಮಾತು ಬಂದಿತ್ತು, ಅದೂ ಭೂಮಿಯ ಆಕಾರದ ದೆಸೆಯಿಂದ. ಭೂಮಿಗಾಗಿ ಬೇರೆಯಾದ ಒಡಹುಟ್ಟಿದವರು ಎಲ್ಲೆಲ್ಲೂ ಇದ್ದಾರೆ, ಅದರ ಆಕಾರಕ್ಕಾಗಿ ಬೇರೆಯಾಗಲು ಹೊರಟವರು ಇವರೇ ಮೊದಲಿರಬೇಕು.

ಭೂಮಿ ಚಪ್ಪಟೆ ಎನ್ನುವುದು ಅಣ್ಣನ ತಲೆ ಹೊಕ್ಕು ಮೂರು ತಿಂಗಳಾಗಿತ್ತು. ಫೋನಿನಲ್ಲಿ ಯಾರದೋ ಭಾಷಣ ಕೇಳಿ ಶುರುವಾದದ್ದು ನಿಜ. ಆದರೆ ಅವನನ್ನು ಅದಕ್ಕೆ ಕಟ್ಟಿಹಾಕಿದ್ದು ಅವನ ಕಸುಬೇ. ಹದಿನೈದಡಿ ಬಟ್ಟೆಯಲ್ಲಿ ಮೈಲಿಯುದ್ದದ ಬೀದಿ ತೋರಿಸಬಲ್ಲ ಮನುಷ್ಯ ಅವನು. ದೂರ ಹೋದದ್ದು ಸಣ್ಣದಾಗಬೇಕು, ಕಣ್ಣಿನ ಮಟ್ಟಕ್ಕಿಂತ ಮೇಲಿದ್ದದ್ದು ಇಳಿಯುತ್ತ ಬಂದು ಆ ಮಟ್ಟದ ಗೆರೆಗೆ ಸೇರಬೇಕು. ಪರ್ಸ್‌ಪೆಕ್ಟಿವ್ ಎಂದರೆ ಅಷ್ಟೇ, ಮತ್ತು ಅವನ ಪ್ರಕಾರ ಜಗತ್ತು ಎಂದರೂ ಅಷ್ಟೇ. ಒಂದು ದಿನ ತಂಗಿಯನ್ನು ಬಾಗಿಲಿಗೆ ಕರೆದು ನೆಟ್ಟಗೆ ಹೋಗುವ ಬೀದಿಯ ದೀಪದ ಕಂಬಗಳನ್ನು ತೋರಿಸಿದ್ದ. ಎಲ್ಲ ಕಂಬಗಳೂ ಒಂದೇ ಎತ್ತರ, ಆದರೂ ದೂರದ ದೀಪ ಕೆಳಗೆ ಕಾಣುತ್ತದೆ. ಸೂರ್ಯನೂ ಅಂಥದೇ ಒಂದು ದೀಪ. ದೂರ ಹೋಗುತ್ತಾನೆ, ಇಳಿದ ಹಾಗೆ ಕಾಣುತ್ತಾನೆ. ಮುಳುಗುವುದೆಲ್ಲ ಕಟ್ಟುಕತೆ.

ಬೀದಿಯವರಿಗೆ ಇದು ಹಬ್ಬವಾಯಿತು. ಎದುರಿನ ಕ್ಷೌರದವನು ಅವನಿಗೆ ‘ತಟ್ಟೆಯಣ್ಣ’ ಎಂದು ಹೆಸರಿಟ್ಟ. ಅತ್ತಿಗೆ ಹಣೆ ಚಚ್ಚಿಕೊಂಡಳು. ತಂಗಿಯೂ ಒಂದೆರಡು ಸಲ ನಕ್ಕಿದ್ದಳು, ಆ ನಗುವಿಗೆ ಆಮೇಲೆ ನಾಚಿದ್ದಳು ಕೂಡ.

ವಿಷಯ ಕೈಮೀರಿದ್ದು ಮಕ್ಕಳ ವಿಜ್ಞಾನ ಭವನದ ಕೆಲಸ ಬಂದಾಗ. ನಲವತ್ತಡಿ ಉದ್ದದ ಚಿತ್ರ ಬೇಕಿತ್ತು: ಕಡಲು, ಮುಳುಗುವ ಸೂರ್ಯ, ಅಡಿಭಾಗ ಮರೆಯಾದ ಹಡಗು, ಭೂಮಿ ಗುಂಡಗಿದೆ ಎಂದು ನೋಡಿದ ಮಕ್ಕಳಿಗೆ ತಿಳಿಯಬೇಕು. ಅಣ್ಣನನ್ನು ಕೇಳದೆಯೇ ತಂಗಿ ಇಬ್ಬರ ಪರವಾಗಿ ಹೂಂ ಅಂದುಬಿಟ್ಟಳು. ತಪ್ಪು ಅವಳದೇ.

“ನಾನು ಕಂಡದ್ದನ್ನ ಬರೆಯೋನು,” ಎಂದ ಅಣ್ಣ. “ಇದನ್ನ ಬರೆಯೋಕೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬಾ. ಆದರೆ ಅವರ ಕುಂಚ ಈ ಶೆಡ್ಡೊಳಗೆ ಬಂದ ದಿನ, ನಡುವೆ ಗೋಡೆ ಏಳತ್ತೆ.”

ಅವನು ಬಾಯಿಮಾತಿಗೆ ಹೇಳುವವನಲ್ಲ. ಮರುದಿನ ಬೆಳಗ್ಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಬಿದ್ದಿತ್ತು, ಅವಳ ಎಡಗಡೆಗೆ ಒಂದು ಗೇಣು ಜಾಸ್ತಿಯೇ ಬಿಟ್ಟು. ಜಗಳದಲ್ಲೂ ಆ ಧಾರಾಳತನ ನೋಡಿ ಅವಳಿಗೆ ಅಳು ಬಂತು.

ಅಣ್ಣ ಒಪ್ಪದ್ದನ್ನು ಕೇಳಿ, ಶನಿವಾರದೊಳಗೆ ಕೊನೆಯ ಉತ್ತರ ಬೇಕೆಂದು ಭವನದ ನಿರ್ದೇಶಕಿ ಹೇಳಿದ್ದರು. ಅಂತರಿಕ್ಷದಿಂದ ತೆಗೆದ ಫೋಟೋ ತೋರಿಸಿ ಎಂದೂ ಸಲಹೆ ಕೊಟ್ಟಿದ್ದರು. ಅಣ್ಣ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹರಕು ಬಟ್ಟೆಯ ಮೇಲೆ ಅರಮನೆ ಎಬ್ಬಿಸಿ ಸಾವಿರ ಜನರನ್ನು ನಂಬಿಸುವ ತನಗೆ ಫೋಟೋ ತೋರಿಸುತ್ತಾರೆಯೇ ಎಂದು ಕೇಳಿದ. ನಿಜ ಹೇಳಬೇಕೆಂದರೆ ತಂಗಿಯೂ ತಾನಾಗಿ ಏನನ್ನೂ ಪರೀಕ್ಷಿಸಿದವಳಲ್ಲ. ಶಾಲೆಯಲ್ಲಿ ಗುಂಡಗಿದೆ ಅಂದರು, ಹೌದು ಅಂದಳು. ಅವಳ ಬಂಡವಾಳ ಅಷ್ಟೇ. ಅಣ್ಣನಾದರೂ ಕಂಬಗಳನ್ನು ಎಣಿಸಿ ನೋಡಿದ್ದ. ತಾನು ಏನನ್ನು ನೋಡಿದ್ದೇನೆ ಎಂಬ ಪ್ರಶ್ನೆ ತಲೆಯೊಳಗೆ ಕೂತದ್ದೇ ತಡ, ಗೋಡೆಯ ಭಯದ ಜೊತೆಗೆ ಇನ್ನೊಂದು ಹುರುಪೂ ಹುಟ್ಟಿತು. ಅದೇನು, ನೋಡೇಬಿಡೋಣ ಅನ್ನಿಸಿತು.

ಬುಧವಾರ ಬೀದಿದೀಪ ಹತ್ತುವ ಹೊತ್ತಿಗೆ ಅವಳು ಬಾಗಿಲಲ್ಲಿ ನಿಂತಳು. ಮೊದಲ ದೀಪ, ಹತ್ತನೆಯದು, ಕಣ್ಣಿಗೆ ಸಿಗುವ ಕೊನೆಯದು. ಅಣ್ಣ ಹೇಳಿದಂತೆಯೇ ಕೆಳಗಿಳಿಯುತ್ತ ಹೋಗಿದ್ದವು. ಆದರೆ ಸಣ್ಣದಾಗುತ್ತಲೂ ಹೋಗಿದ್ದವು, ಕೊನೆಯದು ಸಾಸಿವೆಯಷ್ಟು. ಅಷ್ಟಾದರೂ ಅದು ಇಡೀ ದೀಪವೇ, ಅರ್ಧ ದೀಪವಲ್ಲ. ಅವಳು ಬಹಳ ಹೊತ್ತು ಅಲ್ಲೇ ನಿಂತಳು. ಕ್ಷೌರದವನು ನೋಡಿ, ಮನೆಯವರೆಲ್ಲರಿಗೂ ಅಂಟಿತು ಎಂದು ಗಿರಾಕಿಗೆ ಹೇಳಿದ.

ಮರುದಿನ ಅಣ್ಣನ ಎದುರು ಕೂತು ಕೇಳಿದಳು. ದೂರ ಹೋದದ್ದು ಸಣ್ಣದಾಗಬೇಕಲ್ಲ, ಮತ್ತೆ ಸೂರ್ಯ ಸಂಜೆ ಸಣ್ಣವನಾಗುತ್ತಾನೆಯೇ? ಅಣ್ಣ ಜಗ್ಗಲಿಲ್ಲ. ಸಂಜೆ ಸೂರ್ಯ ದೊಡ್ಡವನೇ, ಪರದೆ ಬರೆಯುವ ಯಾರನ್ನು ಬೇಕಾದರೂ ಕೇಳು. ಮಧ್ಯಾಹ್ನದ ಸೂರ್ಯನಿಗೆ ಸಣ್ಣ ಡಬ್ಬಿಯ ಮುಚ್ಚಳವಿಟ್ಟು ಗೀಟೆಳೆಯುತ್ತೇವೆ, ಸಂಜೆಯವನಿಗೆ ದೊಡ್ಡ ಡಬ್ಬಿಯದು. ನೆಲದ ಹತ್ತಿರದ ಮಂಜು ಅವನನ್ನು ಉಬ್ಬಿಸುತ್ತದೆ ಎಂದ.

“ಅಳೆದಿದ್ದೀಯಾ?”

ಮರ, ಮನೆ, ಕುದುರೆ, ರಾಜನ ಮೂಗು, ಪೆನ್ಸಿಲ್ ಹಿಡಿದು ಅಳೆಯದೆ ಒಂದನ್ನೂ ಬರೆದವನಲ್ಲ ಅವನು. ಸೂರ್ಯನನ್ನು ಮಾತ್ರ ಅಳೆದಿರಲಿಲ್ಲ. ಯಾರು ತಾನೇ ಅಳೆಯುತ್ತಾರೆ, ಕಣ್ಣು ಹೋಗುತ್ತದೆ. ಗುರು ಕೊಟ್ಟ ಮುಚ್ಚಳ, ಗುರುವಿಗೆ ಅವನ ಗುರು ಕೊಟ್ಟದ್ದು.

ಕೊನೆಗೆ ಅವನೇ ಷರತ್ತು ಹಾಕಿದ. ಸಂಜೆಯ ಅಳತೆ ದೊಡ್ಡದಾದರೂ ಸರಿ, ಸಣ್ಣದಾದರೂ ಸರಿ, ತಂಗಿ ಬಾಯಿ ಮುಚ್ಚಬೇಕು. ಎರಡು ಹೊತ್ತೂ ಒಂದೇ ಅಗಲ ಬಂದರೆ ಸೂರ್ಯ ದೂರ ಹೋಗುತ್ತಿಲ್ಲ ಎಂದು ತಾನು ಒಪ್ಪುತ್ತೇನೆ ಎಂದ.

ತಂಗಿ ಒಂದು ಮೀಟರ್ ಉದ್ದದ ಸರಳಿನ ತುದಿಗೆ ಎರಡು ತಗಡಿನ ಪಟ್ಟಿ ಕೂರಿಸಿದಳು, ಒಂದು ಗಟ್ಟಿ, ಒಂದು ಸರಿಯುವಂಥದು. ಸರಳಿನ ಇನ್ನೊಂದು ತುದಿ ಕೆನ್ನೆಮೂಳೆಗೆ ಒತ್ತಬೇಕು. ಕಣ್ಣಿಗೆ ಬೆಸುಗೆಯ ಮುಖವಾಡ, ಅದರಲ್ಲಿ ಅವಳ ಬಳಿಯಿದ್ದ ಅತಿ ಕಪ್ಪು ಗಾಜು. ಪಟ್ಟಿಗಳ ನಡುವೆ ಸೂರ್ಯ ಎರಡೂ ಅಂಚು ತಾಗಿ ನಿಂತಾಗ ಗೀರು ಹಾಕುವುದು. ಶುಕ್ರವಾರ ಮಧ್ಯಾಹ್ನ ಶೆಡ್ಡಿನ ಮುಂದೆ ಅಣ್ಣ ಮೂರು ಸಲ ಅಳೆದ. ಮೂರು ಸಲವೂ ಹತ್ತಿರ ಹತ್ತಿರ ಒಂಬತ್ತು ಮಿಲಿಮೀಟರ್. ಇಷ್ಟೇನಾ ಎಂದು ಅವನಿಗೇ ಅನುಮಾನ ಬಂತು.

ಸಂಜೆ ಇಬ್ಬರೂ ಊರಾಚೆಯ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿದರು. ಪಶ್ಚಿಮಕ್ಕೆ ಮರ ಮನೆ ಅಡ್ಡವಿಲ್ಲದ ಬಯಲು. ಸೂರ್ಯ ಕೆಂಪಗೆ, ಬಲು ದೊಡ್ಡವನಾಗಿ ಇಳಿಯುತ್ತಿದ್ದ. ತಾನೇ ಸೋತೆ ಎಂದುಕೊಂಡಳು ತಂಗಿ. ಕಣ್ಣಾರೆ ಕಾಣುತ್ತಿದೆಯಲ್ಲ, ಮಧ್ಯಾಹ್ನದವನ ಎರಡರಷ್ಟಿದ್ದಾನೆ. ಅಣ್ಣ ಗೆದ್ದ ನಗೆ ನಗುತ್ತ ಮುಖವಾಡ ಹಾಕಿಕೊಂಡ.

ನಗು ಮುಖವಾಡದ ಹಿಂದೆ ಎಷ್ಟು ಹೊತ್ತು ಉಳಿಯಿತೋ ಅವಳಿಗೆ ತಿಳಿಯಲಿಲ್ಲ. ಅವನು ಪಟ್ಟಿ ಸರಿಸಲೇ ಇಲ್ಲ. ಸರಳು ಇಳಿಸಿದ, ಕೆನ್ನೆ ಒರೆಸಿಕೊಂಡ, ಮತ್ತೆ ಒತ್ತಿದ. ಹಗಲು ಹಾಕಿದ ಗೀರಿನಲ್ಲೇ ಸೂರ್ಯ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದ್ದ. ತಂಗಿಯೂ ನೋಡಿದಳು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಅಷ್ಟರಲ್ಲಿ ಸೂರ್ಯನ ಅಡಿ ನೆಲಕ್ಕೆ ತಾಗಿತು. ಮಸಕಾದ ಬೆಳಕಿಗೆ ಅವಳು ತೆಳು ಗಾಜು ಬದಲಿಸಿ ಕೊಟ್ಟಳು. ಅರ್ಧ ಮರೆಯಾದಾಗಲೂ ಅಗಲ ಅಷ್ಟೇ ಇತ್ತು. ಅಣ್ಣ ಮುಖವಾಡ ತೆಗೆಯದೆ ಕೊನೆಯ ಚೂರು ಹೋಗುವವರೆಗೂ ನಿಂತ.

“ಪರ್ಸ್‌ಪೆಕ್ಟಿವ್ ಸಣ್ಣದು ಮಾಡತ್ತೆ,” ಎಂದ ಮುಖವಾಡ ತೆಗೆಯುತ್ತ. “ಕತ್ತರಿಸಲ್ಲ. ನೆಲಾನೇ ಅಡ್ಡ ಬಂತು.”

ಗೆದ್ದ ಖುಷಿ ಅವಳಿಗೆ ಬರಲಿಲ್ಲ. ಮೂವತ್ತು ವರ್ಷ ಬರೆದ ಸೂರ್ಯರೆಲ್ಲ ಅವನ ಕಣ್ಣ ಮುಂದೆ ಬಂದಿರಬೇಕು. ಮುಖ ಅಷ್ಟು ಸಣ್ಣದಾಗಿತ್ತು. ಮೆಟ್ಟಿಲಿಳಿಯುವಾಗ ಅವನು, ಹಾಗಾದರೆ ದೊಡ್ಡದಾಗಿ ಕಾಣುವುದು ಯಾಕೆ ಎಂದು ಕೇಳಿದ. ಅವಳು ತನಗೂ ಗೊತ್ತಿಲ್ಲ ಎಂದಳು. ಕಣ್ಣಿನ ಆಟವೋ ತಲೆಯ ಆಟವೋ ಎಂದು ಇಬ್ಬರೂ ಅರ್ಧ ದಾರಿ ಚರ್ಚಿಸಿದರು. ನಡುವೆ ಅವನು ನಿಂತುಬಿಟ್ಟ.

“ಅಗಲ ಬೇರೆ ಬಂದಿದ್ರೆ ಏನ್ ಮಾಡ್ತಿದ್ದೆ?”

“ನಾಳೆಯಿಂದ ಬೀದಿಯವರು ಇಬ್ಬರಿಗೂ ತಟ್ಟೆ ಅಂತಿದ್ರು.”

ಅಣ್ಣ ಅವಳನ್ನೇ ನೋಡಿದ. ತಮಾಷೆಯಲ್ಲ ಎಂದು ಅವನಿಗೆ ತಿಳಿಯಿತು. ಮೂರು ತಿಂಗಳಿಂದ ನಕ್ಕವರೇ ಎಲ್ಲರೂ, ಬಾ ನೋಡೋಣ ಅಂದವರು ಒಬ್ಬರೂ ಇರಲಿಲ್ಲ ಎಂದ.

ಶನಿವಾರ ಬೆಳಗ್ಗೆ ಅವನೇ ನಿರ್ದೇಶಕಿಗೆ ಫೋನ್ ಮಾಡಿ ಬರೆಯಲು ಒಪ್ಪಿದ. ಸೂರ್ಯನನ್ನು ಮಾತ್ರ ಅಳೆದ ಅಗಲಕ್ಕಿಂತ ಒಂದು ಎಳೆಯೂ ಹೆಚ್ಚಿಗೆ ಬರೆಯುವುದಿಲ್ಲ, ಮಕ್ಕಳು ನಿಲ್ಲುವ ಜಾಗದಿಂದ ಮೀಟರಿಗೆ ಒಂಬತ್ತು ಮಿಲಿಮೀಟರಿನಂತೆ ಲೆಕ್ಕ ಹಾಕಿಯೇ ಬರೆಯುವುದು ಎಂದ. ನಿರ್ದೇಶಕಿಗೆ ಅದು ಹಿಡಿಸಲಿಲ್ಲ. ನಲವತ್ತಡಿ ಚಿತ್ರದಲ್ಲಿ ಅಂಗೈಯಷ್ಟು ಸೂರ್ಯನೇ, ಮಕ್ಕಳಿಗೆ ದೊಡ್ಡದೇ ಬೇಕು, ಬಾಗಿಲಗಲದ್ದಾದರೂ ಇರಲಿ ಎಂದರು. ಅಣ್ಣ ಫೋನನ್ನು ತಂಗಿಯ ಕೈಗಿತ್ತು ಅವಳ ಮುಖ ನೋಡುತ್ತ ನಿಂತ.

ಅಣ್ಣ ಹೇಳಿದ್ದೇ ಸರಿ, ನಾವಿಬ್ಬರೂ ಅಳೆದಿದ್ದೇವೆ ಎಂದಳು ತಂಗಿ. ಹಾಗಾದರೆ ಬೇರೆ ಚಿತ್ರಗಾರರನ್ನು ನೋಡಿಕೊಳ್ಳಲೇ ಎಂದು ನಿರ್ದೇಶಕಿ ಕೇಳಿದರು.

“ನೋಡ್ಕೊಳ್ಳಿ, ಮೇಡಂ,” ಎಂದಳು ತಂಗಿ. “ಚೌಕಟ್ಟು ಬೆಸೆಯೋರನ್ನೂ ಅವರ ಜೊತೆಗೇ ನೋಡ್ಕೊಳ್ಳಿ.”