ಏರಿನಲ್ಲಿ ಕೈಕೊಡುವ ಕಾರು

ಏರು ಬಂತು ಅಂದರೆ ಸಾಕು, ನರ್ಸಕ್ಕನ ಜೀವ ಬಾಯಿಗೆ ಬರುತ್ತಿತ್ತು.

ಆ ಊರು ಅರ್ಧ ಗುಡ್ಡದ ಮೇಲೆ, ಅರ್ಧ ಗುಡ್ಡದ ಕೆಳಗೆ. ನರ್ಸಕ್ಕನ ಮನೆ ಕೆಳಗೆ. ಅವಳು ನೋಡಿಕೊಳ್ಳುವ ರೋಗಿಗಳು ಹೆಚ್ಚಿನವರೆಲ್ಲ ಮೇಲೆ. ಹಾಸಿಗೆ ಹಿಡಿದವರು, ಸೊಂಟ ಮುರಿದುಕೊಂಡವರು, ಆಪರೇಷನ್ ಆಗಿ ಮನೆಗೆ ಬಂದವರು. ಅವರ ಮನೆಗಳಿಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಮೂತ್ರದ ನಳಿಕೆ ಬದಲಿಸುವುದು ಅವಳ ಕೆಲಸ. ಈ ಓಡಾಟಕ್ಕೆಂದೇ ಗಂಡ ಹೆಂಡತಿ ಸೇರಿ ಕರೆಂಟಿನ ಕಾರು ತಗೊಂಡಿದ್ದರು. ಹೊಗೆ ಇಲ್ಲ, ಸದ್ದಿಲ್ಲ, ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಗ್ಗೆ ತಯಾರು.

ಮೊದಲ ಮಳೆಗಾಲ ಕಳೆಯುವವರೆಗೂ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ದಿನ ಏರಿನ ನಡುವೆ ಕಾರಿನ ಹೊಟ್ಟೆಯೊಳಗೆ ಕಟಕಟ ಅಂತ ಸದ್ದಾಯಿತು. ಮೋಟಾರು ಗುಂಯ್ ಅನ್ನುತ್ತಿತ್ತು, ಚಕ್ರ ಮಾತ್ರ ತಿರುಗಲಿಲ್ಲ. ಕಾರು ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಹಿಂದೆ ಶಾಲೆಯ ವ್ಯಾನು. ನರ್ಸಕ್ಕ ಹ್ಯಾಂಡ್ ಬ್ರೇಕ್ ಎಳೆದು ಕಣ್ಣು ಮುಚ್ಚಿಕೊಂಡಳು. ಕೂದಲೆಳೆಯಲ್ಲಿ ತಪ್ಪಿತು. ವ್ಯಾನಿನ ಡ್ರೈವರ್ ಇಳಿದು ಬಂದು ಬಾಯಿಗೆ ಬಂದ ಹಾಗೆ ಬೈದ. ಸ್ವಲ್ಪ ಹೊತ್ತು ಬಿಟ್ಟು ಕಾರು ತಾನಾಗೇ ಹೊರಟಿತು, ಏನೂ ಆಗೇ ಇಲ್ಲ ಅನ್ನುವ ಹಾಗೆ.

ಅವತ್ತೇ ಸರ್ವಿಸ್ ಸೆಂಟರಿಗೆ ಹೋದಳು. ಗಾಜಿನ ಗೋಡೆ, ತಣ್ಣನೆ ಗಾಳಿ, ಮೆತ್ತನೆ ಸೋಫಾ. ಗಾಡಿ ಒಪ್ಪಿಸಿಕೊಳ್ಳುವ ಅಡ್ವೈಸರ್ ನಗುಮುಖದವನು. ಕಾರು ಒಳಗೆ ಹೋಗಿ ಹೊರಗೆ ಬಂತು.

"ಬೆಣ್ಣೆ ಹಾಗೆ ಓಡುತ್ತೆ ಮೇಡಂ. ನಮ್ಮ ಮೆಕ್ಯಾನಿಕ್ ಒಂದು ಸುತ್ತು ಹೊಡೆದು ಬಂದ. ಏನೂ ಇಲ್ಲ," ಅಂದ.

"ಏರಲ್ಲಿ ನಿಲ್ಲುತ್ತೆ ಅಂದೆನಲ್ಲ. ಏರಲ್ಲಿ ಓಡಿಸಿದ್ರಾ?"

"ಗಾಡಿ ಚೆನ್ನಾಗಿದ್ರೆ ಏರೇನು, ಇಳಿಜಾರೇನು ಮೇಡಂ?" ಆಮೇಲೆ ದನಿ ತಗ್ಗಿಸಿದ. "ತಪ್ಪು ತಿಳ್ಕೋಬೇಡಿ. ಕೆಲವು ಹೆಂಗಸರು ಹೆದರಿಕೊಂಡು ಎರಡೂ ಪೆಡಲ್ ಮೇಲೆ ಎರಡೂ ಕಾಲು ಇಡ್ತಾರೆ. ಆಗ ಹೀಗಾಗುತ್ತೆ."

ನರ್ಸಕ್ಕ ಆಸ್ಪತ್ರೆಯ ಆಂಬುಲೆನ್ಸನ್ನೇ ಓಡಿಸಿದವಳು. ಆದರೂ ಮನೆಗೆ ಬರುವ ದಾರಿಯಲ್ಲೆಲ್ಲ ತನ್ನ ಕಾಲನ್ನೇ ನೋಡಿಕೊಳ್ಳುತ್ತಾ ಬಂದಳು.

ಮತ್ತೆ ನಿಂತಿತು. ಮತ್ತೆ ಹೋದಳು. ಒಂದು ಸಲ ಗ್ರೀಸ್ ಹಾಕಿದೆವು ಅಂದರು. ಇನ್ನೊಂದು ಸಲ ಸಾಫ್ಟ್‌ವೇರ್ ಹೊಸದು ಹಾಕಿದೆವು ಅಂದರು. ವಾರಂಟಿ ಇದೆ, ದುಡ್ಡು ಬೇಡ ಅಂದರು. ದುಡ್ಡು ಬೇಡ ಅಂದಿದ್ದಕ್ಕೆ ಇವಳೂ ಕಾಗದ ಕೇಳಲಿಲ್ಲ. ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂತಿರುಗಿದಳು.

ಗಂಡ ಬಡಗಿ. ಕೆಟ್ಟವನಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವನು.

"ನನ್ನ ಕೈಲಿ ಯಾವತ್ತೂ ನಿಂತಿಲ್ಲವಲ್ಲ?" ಅಂದ ಒಂದು ಸಂಜೆ.

"ನೀವು ಕೆಳಗಿನ ಬೀದೀಲಿ ಓಡಿಸ್ತೀರ. ಮರದ ಅಂಗಡಿಗೂ ಮನೆಗೂ ಏರೆಲ್ಲಿದೆ?"

"ಇರಬಹುದು. ಆದರೂ ಅಷ್ಟು ದೊಡ್ಡ ಕಂಪನಿಯವರು ಸುಳ್ಳು ಹೇಳ್ತಾರಾ? ನಿನಗೆ ಕೆಲಸ ಜಾಸ್ತಿ ಆಗಿದೆ. ನಿದ್ದೆ ಸಾಲ್ತಾ ಇಲ್ಲ."

ಅತ್ತೆ ಒಳಗಿನಿಂದಲೇ ಒಗ್ಗರಣೆ ಹಾಕಿದರು: "ಗಾಡಿಗೂ ಗೊತ್ತಾಗುತ್ತೆ ಕಣೋ, ಯಾರ ಮಾತಿಗೆ ಬೆಲೆ ಇದೆ, ಯಾರದಕ್ಕಿಲ್ಲ ಅಂತ."

ಅತ್ತೆ ತಮಾಷೆಗೆ ಹೇಳಿದ್ದು. ನರ್ಸಕ್ಕನಿಗೆ ನಗು ಬರಲಿಲ್ಲ.

ಗುಡ್ಡದ ತುದಿಯಲ್ಲಿ ಒಬ್ಬ ತಾತ ಇದ್ದ. ಒಂದು ಕಾಲಕ್ಕೆ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಈಗ ಕೈಕಾಲು ಆಡದೆ ಮಲಗಿದ್ದ. ಮಗಳೊಬ್ಬಳೇ ನೋಡಿಕೊಳ್ಳುತ್ತಿದ್ದಳು. ನರ್ಸಕ್ಕ ಬಾಗಿಲಲ್ಲಿ ಕಂಡರೆ ತಾತ, "ಬಂದೆಯಾ ತಾಯಿ, ಇವತ್ತು ನನ್ನ ಎಲ್ಲಿ ಚುಚ್ಚುತ್ತೀಯ?" ಅನ್ನುತ್ತಿದ್ದ. ಆ ವಾರ ಅವನ ನಳಿಕೆ ಬದಲಿಸಬೇಕಿತ್ತು. ಕಾರು ಸರ್ವಿಸ್ ಸೆಂಟರಿನಲ್ಲಿತ್ತು. ನಾಳೆ ಕೊಡುತ್ತೇವೆ, ನಾಳೆ ಕೊಡುತ್ತೇವೆ ಅಂತ ದಿನ ತಳ್ಳಿದರು. ನರ್ಸಕ್ಕನೂ ಅದನ್ನೇ ನಂಬಿ ತಾತನ ಮಗಳಿಗೆ ಫೋನಿನಲ್ಲಿ ನಾಳೆ ಬರುತ್ತೇನೆ, ನಾಳೆ ಬರುತ್ತೇನೆ ಅಂದಳು.

ಕಾರು ಕೈಗೆ ಬಂದ ಬೆಳಗ್ಗೆಯೇ ಮಗಳ ಫೋನು. "ಅಕ್ಕಾ, ಅಪ್ಪನ ನಳಿಕೆ ಕಟ್ಟಿಕೊಂಡಿದೆ. ಹೊಟ್ಟೆ ಉಬ್ಬಿದೆ. ಮೈ ಸುಡ್ತಾ ಇದೆ. ಬೇಗ ಬಾ."

ಬ್ಯಾಗು ಎತ್ತಿಕೊಂಡು ಹೊರಟಳು. ಕೊನೆಯ ತಿರುವಿನ ಹತ್ತಿರ ಕಟಕಟ ಶುರುವಾಯಿತು. "ಇವತ್ತೊಂದು ದಿನ, ಇವತ್ತೊಂದೇ ದಿನ," ಅಂತ ಸ್ಟೀರಿಂಗ್ ಹಿಡಿದು ಬೇಡಿಕೊಂಡಳು. ಕಾರು ನಿಂತಿತು. ದಾರಿಯಲ್ಲಿ ಹೋಗುತ್ತಿದ್ದವರು ಬಂದು ಪಕ್ಕಕ್ಕೆ ತಳ್ಳಿಕೊಟ್ಟರು. ಬ್ಯಾಗು ಹೆಗಲಿಗೆ ಹಾಕಿ ಬಿಸಿಲಲ್ಲಿ ಏರು ಹತ್ತಿದಳು. ಓಡಲು ನೋಡಿದಳು, ಉಸಿರು ಕಟ್ಟಿತು, ಮತ್ತೆ ನಡೆದಳು.

ಮನೆ ಮುಟ್ಟಿದಾಗ ಬಾಗಿಲು ತೆರೆದೇ ಇತ್ತು. ಮಂಚ ಖಾಲಿ. ಪಕ್ಕದ ಮನೆಯವಳು ಹೇಳಿದಳು: "ಈಗಷ್ಟೇ ಆಸ್ಪತ್ರೆಗೆ ಕರ್ಕೊಂಡು ಹೋದರು. ನಿನಗೆ ಕಾದು ಕಾದು ಸಾಕಾಯ್ತು."

ನಂಜು ರಕ್ತಕ್ಕೆ ಏರಿತ್ತು. ತಾತ ಆಸ್ಪತ್ರೆಯಿಂದ ವಾಪಸ್ಸು ಬರಲಿಲ್ಲ. ಮೊದಲೇ ಹಣ್ಣಾದ ಜೀವ ಅಂದರು ಡಾಕ್ಟರು. ತಡ ಆಗಿದ್ದಕ್ಕೇ ಹೋದ ಅಂತ ಯಾರೂ ಹೇಳಲಿಲ್ಲ. ಅಲ್ಲ ಅಂತಲೂ ಯಾರೂ ಹೇಳಲಿಲ್ಲ. ನರ್ಸಕ್ಕ ಮಾತಾಡಿಸಲು ಹೋದಾಗ ಮಗಳು ಜಗಳ ಆಡಲಿಲ್ಲ. "ನೀನು ಹೇಳಿದ ಮಾತು ನಂಬಿಕೊಂಡು ಕೂತಿದ್ದೆ ಅಕ್ಕ," ಅಂದಳು ಅಷ್ಟೇ. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಹೇಳಿದ ಹೊತ್ತಿಗೆ ಬರುವುದಿಲ್ಲ ಅನ್ನುವ ಮಾತು ಗುಡ್ಡದ ಮೇಲೆಲ್ಲ ಹಬ್ಬಿತು. ಒಂದೊಂದೇ ಮನೆಯವರು ಬೇರೆ ನರ್ಸನ್ನು ಹುಡುಕಿಕೊಂಡರು. ನರ್ಸಕ್ಕ ಊಟದ ಮುಂದೆ ಕೂತು ತುತ್ತು ಎತ್ತದೆ ಏಳತೊಡಗಿದಳು.

"ಈ ಶನಿ ನಮಗೆ ಬೇಡ. ನನಗೆ ಗುರುತಿರೋ ಗ್ಯಾರೇಜಿನವನ ಹತ್ರ ಬಿಚ್ಚಿಸಿ, ಏನಿದೆ ನೋಡಿಸಿ, ಮಾರಿಬಿಡೋಣ," ಅಂದ ಗಂಡ.

ಅಷ್ಟರಲ್ಲಿ ಎದುರು ಮನೆಯ ಟೀಚರಮ್ಮ ಬಂದರು. ಅವರದೂ ಅದೇ ಕಂಪನಿಯ ಕಾರು. ಅದರ ಗೋಳು ಅನುಭವಿಸಿ, ಬಡಿದಾಡಿ, ಗೆದ್ದವರು.

"ಬೇರೆಯವರ ಕೈಲಿ ಬಿಚ್ಚಿಸಬೇಡಿ! ಹೊರಗಡೆ ಬಿಚ್ಚಿಸಿದ್ದೀರಿ, ನಮಗೆ ಸಂಬಂಧ ಇಲ್ಲ ಅಂತ ಕೈ ತೊಳ್ಕೋತಾರೆ. ಅಲ್ಲದೆ ಅದರೊಳಗಿನ ಕರೆಂಟು ಆಟದ ಸಾಮಾನಲ್ಲ. ಅಂದಹಾಗೆ, ಇಷ್ಟು ಸಲ ಹೋದಿರಲ್ಲ, ಜಾಬ್ ಕಾರ್ಡ್ ಎಲ್ಲಿ?"

"ಅದೇನದು?" ಅಂದಳು ನರ್ಸಕ್ಕ.

"ಗಾಡಿ ಬಿಟ್ಟಾಗ ಏನು ತೊಂದರೆ, ಯಾವ ದಿನ, ಎಷ್ಟು ಕಿಲೋಮೀಟರ್ ಓಡಿದೆ ಅಂತ ಬರೆದುಕೊಡೋ ಕಾಗದ. ತಗೊಂಡು ಬರುವಾಗ ಏನು ಮಾಡಿದ್ವಿ ಅಂತ ಇನ್ನೊಂದು ಕೊಡಬೇಕು."

"ಬಾಯಲ್ಲೇ ಹೇಳ್ತಿದ್ದೆ ಟೀಚರ್."

ಟೀಚರಮ್ಮ ನಿಟ್ಟುಸಿರು ಬಿಟ್ಟರು. "ಬಾಯಿಮಾತು ಗಾಳಿಗೆ ಹೋಯ್ತು. ಈಗ ಅವರ ಲೆಕ್ಕದಲ್ಲಿ ನಿಮ್ಮ ಕಾರು ಒಂದು ಸಲವೂ ಕೆಟ್ಟಿಲ್ಲ."

ಗಂಡ ತಲೆ ಅಲ್ಲಾಡಿಸಿದ. "ಆನೆ ಜೊತೆ ಇರುವೆ ಕುಸ್ತಿ ಆಡೋಕಾಗುತ್ತಾ ಟೀಚರ್? ವಾರಂಟಿನೂ ಮುಗೀತಾ ಬಂತು."

"ಅದಕ್ಕೇ ಹೇಳ್ತಿರೋದು. ಮುಗಿಯೋದರೊಳಗೆ ಬರಹದಲ್ಲಿ ದೂರು ಕೊಡಿ. ಮುಗಿದ ಮೇಲೆ ಅತ್ತರೆ ಯಾರೂ ಕೇಳಲ್ಲ. ನಾಳೆ ನೀವೂ ಬನ್ನಿ. ಅವರ ಮೆಕ್ಯಾನಿಕ್‌ನ ಕೂರಿಸಿಕೊಂಡು ಆ ಏರಿಗೇ ಹೋಗೋಣ. ನಾಲ್ಕು ಜನ ಕೂತ ಭಾರ ಇರಲಿ. ನೀವೇ ಓಡಿಸಿ."

ಮರುದಿನ ಅಡ್ವೈಸರ್ ಕಂಪ್ಯೂಟರಿನಲ್ಲಿ 'ಗ್ರಾಹಕರಿಗೆ ಏನೋ ಸದ್ದು ಕೇಳಿಸುತ್ತದಂತೆ' ಅಂತ ಬರೆದ. ಟೀಚರಮ್ಮ ಬಗ್ಗಿ ಓದಿದರು. "ಹಾಗಲ್ಲಪ್ಪ. ಏರಿನಲ್ಲಿ ಚಕ್ರ ತಿರುಗದೆ ಕಾರು ಹಿಂದಕ್ಕೆ ಜಾರುತ್ತದೆ, ಪದೇ ಪದೇ ಹೀಗಾಗಿದೆ. ಅವರು ಹೇಳಿದ ಹಾಗೇ ಬರಿ." ಅವನ ನಗು ಸ್ವಲ್ಪ ಮಾಸಿತು. ಆದರೂ ಬರೆದ.

ಏರು ಹತ್ತಿದರು. ಏನೂ ಆಗಲಿಲ್ಲ. ಕಾರು ಸಲೀಸಾಗಿ ತುದಿ ಮುಟ್ಟಿತು. ಮೆಕ್ಯಾನಿಕ್ ಕಿಟಕಿಯಾಚೆ ನೋಡುತ್ತಾ ಕೂತ. ನರ್ಸಕ್ಕನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನನಗೇ ತಲೆ ಕೆಟ್ಟಿರಬಹುದು, ತಾತನನ್ನು ಕಳೆದವಳು ನಾನೇ ಇರಬಹುದು ಅಂದುಕೊಂಡಳು.

"ಇನ್ನೊಂದು ಸಲ," ಅಂದರು ಟೀಚರಮ್ಮ.

ಎರಡನೇ ಸಲ, ತಿರುವಿನಲ್ಲಿ, ಕಟಕಟ ಅಂತು. ಗಂಡ ಪೆಡಲ್ ಒತ್ತಿದ. ಮೋಟಾರು ಗುಂಯ್ ಅಂತು. ಕಾರು ಹಿಂದಕ್ಕೆ ಜಾರಿತು. ಹಿಂದೆ ಒಬ್ಬಾಕೆ ಮಗುವನ್ನು ಎತ್ತಿಕೊಂಡು ರಸ್ತೆ ದಾಟುತ್ತಿದ್ದಳು. "ಹ್ಯಾಂಡ್ ಬ್ರೇಕ್!" ಅಂತ ಕೂಗಿ ನರ್ಸಕ್ಕ ಹಿಂದಿನ ಸೀಟಿನಿಂದಲೇ ಬಾಗಿ ಎಳೆದಳು. ಕಾರು ನಿಂತಿತು. ಆ ಹೆಂಗಸು ತಿರುಗಿ ನೋಡಿ, ಏನೂ ಗೊತ್ತಾಗದೆ ನಡೆದುಹೋದಳು.

ಗಂಡನ ಮುಖ ಬಿಳಿಚಿಕೊಂಡಿತ್ತು. ಸ್ಟೀರಿಂಗ್ ಹಿಡಿದೇ ಹೆಂಡತಿಯ ಕಡೆ ತಿರುಗಿದ.

"ದಿನಾ ಹೀಗಾ?" ಅಂದ.

"ಹೂಂ."

"ಇದನ್ನಾ ನಾನು ನಿದ್ದೆ ಸಾಲದ್ದಕ್ಕೆ ಅಂದಿದ್ದು?"

ಟೀಚರಮ್ಮ ಇದೆಲ್ಲವನ್ನೂ ಫೋನಿನಲ್ಲಿ ವಿಡಿಯೋ ಹಿಡಿದಿದ್ದರು.

ಬಿಚ್ಚಿ ನೋಡಿದರೆ, ಮೋಟಾರಿನ ಬಲವನ್ನು ಗೇರಿಗೆ ಮುಟ್ಟಿಸುವ ಕಬ್ಬಿಣದ ದಂಡದ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಭಾರ ಬಿದ್ದಾಗ ಹಿಡಿತ ಸಿಗದೆ ಜಾರುತ್ತಿತ್ತು. ದಂಡ ಬದಲಿಸಿಕೊಟ್ಟರು. ಈ ಸಲ ಕಾಗದ ಇಸ್ಕೊಂಡರು. ಕಷ್ಟ ಮುಗಿಯಿತು ಅಂದುಕೊಂಡರೆ, ಚಳಿ ಕಳೆಯುವುದರೊಳಗೆ ಅದೇ ಕಟಕಟ ಮತ್ತೆ ಬಂತು. ಮತ್ತೆ ದಂಡ ಬದಲಿಸಿದರು. ಮತ್ತೆ ಬಂತು. ಹೊಸ ದಂಡವನ್ನೂ ಸವೆಸುವ ದೋಷ ಗೇರಿನಲ್ಲೇ ಇತ್ತು. ಅದನ್ನು ಪೂರ್ತಿ ಬದಲಿಸಲು ಅವರು ಒಪ್ಪಲಿಲ್ಲ. ವಾರಂಟಿ ಮುಗಿದಿದೆ ಅಂದರು.

ಅವತ್ತು ನರ್ಸಕ್ಕ ಸರ್ವಿಸ್ ಸೆಂಟರಿನ ಮೆಟ್ಟಿಲ ಮೇಲೆ ಕೂತು ಅತ್ತಳು. "ಸಾಕು ರೀ. ಬಿಟ್ಟುಬಿಡೋಣ."

"ಬಿಡೋದು ಬೇಡ," ಅಂದ ಗಂಡ. ಆನೆ, ಇರುವೆ ಅಂದಿದ್ದವನೇ. "ದೂರು ಬರೆದುಕೊಟ್ಟಾಗ ವಾರಂಟಿ ಇತ್ತಲ್ಲ? ಅದೇ ದೋಷ ತಾನೇ ಇದು?"

ಕಂಪನಿಯ ದೊಡ್ಡ ಆಫೀಸಿಗೆ ಇಮೇಲ್ ಮಾಡಿದರು, ವಿಡಿಯೋ ಸಮೇತ. ಸರಿಯಾದ ಉತ್ತರ ಬರಲಿಲ್ಲ. ಗ್ರಾಹಕರ ನ್ಯಾಯಾಲಯಕ್ಕೆ ತಾವೇ ದೂರು ಬರೆದುಕೊಟ್ಟರು. ಅದೇನು ಒಂದೇ ಏಟಿಗೆ ಆಗುವ ಕೆಲಸವಲ್ಲ. ಹೋದರೆ ಮುಂದಿನ ತಾರೀಕು, ಮತ್ತೆ ಹೋದರೆ ಮತ್ತೊಂದು ತಾರೀಕು. ಅಲ್ಲಿಯವರೆಗೆ ಕಾರು ಮನೆ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. ನರ್ಸಕ್ಕ ಉಳಿದಿದ್ದ ನಾಲ್ಕೈದು ಮನೆಗಳಿಗೆ ನಡೆದೇ ಹೋದಳು. ಮಂಡಿ ನೋವು ಹಿಡಿಯಿತು.

ಕೊನೆಗೆ ನ್ಯಾಯಾಲಯ ಕಾಗದಗಳನ್ನು ನೋಡಿ, ದೋಷ ವಾರಂಟಿಯೊಳಗೇ ಶುರುವಾದದ್ದು ಅಂತ ಒಪ್ಪಿ, ಗೇರು ಪೂರ್ತಿ ಬದಲಿಸಿಕೊಡಿ ಅಂದಿತು. ಬದಲಿಸಿದರು. ಆದರೆ ಕಾಗದ ಇಲ್ಲದ ಆ ಮೊದಲ ತಿಂಗಳುಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ. ತಾತ ಹೋದದ್ದು ಆ ತಿಂಗಳುಗಳಲ್ಲೇ.

ಈಗ ಆ ಮನೆಯಲ್ಲಿ ಫ್ಯಾನ್ ರಿಪೇರಿಗೆ ಕೊಟ್ಟರೂ ಅತ್ತೆ, "ಏನು ಕೆಟ್ಟಿದೆ ಅಂತ ಬರೆದುಕೊಡಪ್ಪ, ಬರೆಯದೆ ನಾನು ಏಳಲ್ಲ," ಅಂತ ಅಂಗಡಿಯಲ್ಲೇ ಕೂರುತ್ತಾರೆ.

ಒಂದು ದಿನ ನರ್ಸಕ್ಕ ಔಷಧಿ ಅಂಗಡಿಗೆ ಹೋಗಿದ್ದಳು. ತಾತನ ಮಗಳು ಅಲ್ಲಿದ್ದಳು.

"ಕಾರು ಸರಿಹೋಯ್ತಂತೆ ಅಕ್ಕ?"

"ಹೂಂ ಕಣಮ್ಮ. ಸರಿಹೋಯ್ತು."

"ಒಳ್ಳೇದಾಯ್ತು," ಅಂದಳು ಮಗಳು. ಚಿಲ್ಲರೆ ಇಸ್ಕೊಂಡು, ತಲೆ ತಗ್ಗಿಸಿ, ಗುಡ್ಡದ ಕಡೆ ನಡೆದುಹೋದಳು. ಕಾರಿನಲ್ಲಿ ಬಿಡುತ್ತೇನೆ ಬಾ ಅನ್ನಲು ನರ್ಸಕ್ಕನಿಗೆ ಬಾಯಿ ಬರಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವಾರಂಟಿ ಇರುವ ಗಾಡಿ ಇರಬಹುದು. ಅದು ಮೊದಲ ಸಲ ಕೈಕೊಟ್ಟ ದಿನವೇ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ, ಜಾಬ್ ಕಾರ್ಡ್ ಇಸ್ಕೊಳ್ಳಿ. ದುಡ್ಡು ತಗೊಳ್ಳದಿದ್ದರೂ ಇಸ್ಕೊಳ್ಳಿ. ಗಾಡಿ ಎಲ್ಲಿ ಕೆಡುತ್ತದೋ ಅಲ್ಲಿಗೇ ಅವರನ್ನು ಕರೆದೊಯ್ದು ತೋರಿಸಿ. ಪಕ್ಕದಲ್ಲಿ ಕೂತವರಿಂದ ವಿಡಿಯೋ ತೆಗೆಸಿ. ಹೊರಗಡೆ ಬಿಚ್ಚಿಸಬೇಡಿ. ಅದೇ ದೋಷ ಮತ್ತೆ ಮತ್ತೆ ಬಂದರೆ ವಾರಂಟಿ ಮುಗಿಯುವ ಮುಂಚೆಯೇ ಕಂಪನಿಗೆ ಬರೆಯಿರಿ. ಕೇಳದಿದ್ದರೆ ಗ್ರಾಹಕರ ನ್ಯಾಯಾಲಯದ ಬಾಗಿಲು ತಟ್ಟಿ. ರಸ್ತೆಯಲ್ಲಿ ಜಾರುವ ಗಾಡಿಯನ್ನು ಸರಿಹೋಗುವವರೆಗೆ ಓಡಿಸಲೇಬೇಡಿ.

ಇನ್ನೊಂದು ಮಾತು. ಮನೆಯಲ್ಲಿ ಯಾರಾದರೂ ಗಾಡಿ ಸರಿಯಿಲ್ಲ ಅಂದರೆ, ಅವತ್ತೇ ನಂಬಿ. ಅವರ ಪಕ್ಕದ ಸೀಟಿನಲ್ಲಿ ಒಂದು ಸಲ ಕೂತು ನೋಡಿ.